ಪುಸ್ತಕದ ಅಂಚು ನೋಡುತ್ತಿದ್ದ ಚಿಕ್ಕವ್ವ

ಮೊನ್ನೆ ನಮ್ಮ ಮುಖ್ಯೋಪಾಧ್ಯಾಯರು ನನ್ನ ಮೇಜಿನ ಮೇಲೆ ಒಂದು ಹಾಳೆ ಇಟ್ಟು ಹೋದರು. ಮೇಲೆ ದಪ್ಪಕ್ಷರದಲ್ಲಿ ‘ಪರೀಕ್ಷೆಗೆ ಓದುವುದು ಹೇಗೆ? ಹತ್ತು ಸೂತ್ರಗಳು’ ಎಂದಿತ್ತು. ಬುಧವಾರ ಹತ್ತನೇ ತರಗತಿಯ ಪೋಷಕರ ಸಭೆ. ಅದರಲ್ಲಿ ನಾನು ಹತ್ತು ನಿಮಿಷ ಮಾತಾಡಬೇಕು, ಏನೂ ತೋಚದಿದ್ದರೆ ಈ ಹಾಳೆಯನ್ನೇ ಓದಿ ಹೇಳಿದರೂ ನಡೆಯುತ್ತದೆ ಎಂದು ಅವರ ಅಪ್ಪಣೆ.

ಓದಿ ನೋಡಿದೆ. ಬೆಳಗ್ಗೆ ಬೇಗ ಏಳಬೇಕು, ವೇಳಾಪಟ್ಟಿ ಹಾಕಿಕೊಳ್ಳಬೇಕು, ಮೊಬೈಲನ್ನು ದೂರ ಇಡಬೇಕು, ಆಗಾಗ ನೀರು ಕುಡಿಯಬೇಕು, ಹೀಗೇ ಹತ್ತು. ಒಂದಾದರೂ ತಪ್ಪಿದೆಯೇ ಎಂದು ಹುಡುಕಿದೆ. ಮಾಸ್ತರಿಕೆ ಮಾಡುವವರಿಗೆ ಇದೊಂದು ಚಾಳಿ, ಅಚ್ಚಾದದ್ದು ಕೈಗೆ ಬಂದರೆ ಕೆಂಪು ಪೆನ್ನು ಹುಡುಕುತ್ತೇವೆ. ತಪ್ಪು ಸಿಗಲಿಲ್ಲ. ಚಳ್ಳಕೆರೆಯ ಈ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ವಿಜ್ಞಾನ ಕಲಿಸುತ್ತಿರುವ ನಾನೂ ಮಕ್ಕಳಿಗೆ ಇದನ್ನೇ ಹೇಳಿಕೊಂಡು ಬಂದವಳು. ಆದರೂ ಹಾಳೆ ಹಿಡಿದು ಕೂತಿದ್ದಾಗ ನೆನಪಾದವಳು ಮೊಳಕಾಲ್ಮುರಿನ ನನ್ನ ಚಿಕ್ಕವ್ವ. ಅವಳಿಗೆ ಓದಲು ಬರುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದಿದ್ದ ನನ್ನನ್ನು ಓದಿಸಿ ಪಾಸು ಮಾಡಿಸಿದವಳು ಅವಳೇ.

ನಾನು ಫೇಲಾದದ್ದು ವಿಜ್ಞಾನದಲ್ಲಿ. ಬೇರೆ ಎಲ್ಲ ವಿಷಯಗಳಲ್ಲಿ ಹೇಗೋ ದಾಟಿಕೊಂಡಿದ್ದೆ. ಈ ಸಂಗತಿ ಆ ಬುಧವಾರದವರೆಗೆ ನನ್ನ ವಿದ್ಯಾರ್ಥಿಗಳಿಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಬಚ್ಚಿಟ್ಟುಕೊಂಡಿದ್ದೆ.

ಸೋಮಾರಿಯಾಗಿದ್ದೆ ಎಂದುಕೊಳ್ಳಬೇಡಿ. ಸೋಮಾರಿಗಳಿಗೆ ತಾವು ಓದಿಲ್ಲ ಎನ್ನುವುದಾದರೂ ಗೊತ್ತಿರುತ್ತದೆ. ನನಗೆ ಅದೂ ಗೊತ್ತಿರಲಿಲ್ಲ. ನಮ್ಮ ಕೇರಿಯಲ್ಲಿ ನನ್ನಷ್ಟು ಚೆಂದವಾಗಿ ವೇಳಾಪಟ್ಟಿ ಬರೆಯುವವರು ಇನ್ನೊಬ್ಬರಿರಲಿಲ್ಲ. ರಟ್ಟಿನ ಹಾಳೆಗೆ ಸ್ಕೇಲು ಹಿಡಿದು ಗೆರೆ ಎಳೆದು, ವಾರಗಳನ್ನು ಹಸಿರಿನಲ್ಲಿ, ವಿಷಯಗಳನ್ನು ನೀಲಿಯಲ್ಲಿ, ಐದು ಗಂಟೆಗೆ ಏಳುವುದನ್ನು ಮಾತ್ರ ಕೆಂಪಿನಲ್ಲಿ ಬರೆಯುತ್ತಿದ್ದೆ. ಪಟ್ಟಿಯ ಪ್ರಕಾರ ಮೊದಲ ದಿನ ಮೊದಲ ಪಾಠ, ಅಂದರೆ ಜೀವಕೋಶ. ಎರಡನೆಯ ದಿನವೂ ಚೆನ್ನಾಗಿಯೇ ನಡೆಯುತ್ತಿತ್ತು. ಮೂರನೆಯ ದಿನ ಯಾರೋ ನೆಂಟರು ಬರುತ್ತಿದ್ದರು, ಇಲ್ಲವೇ ತಮ್ಮನಿಗೆ ಜ್ವರ. ಪಟ್ಟಿ ಕೆಟ್ಟಿತು. ಕೆಟ್ಟ ಪಟ್ಟಿಯನ್ನು ಇಟ್ಟುಕೊಂಡು ಯಾರಾದರೂ ಓದುತ್ತಾರೆಯೇ? ಅದನ್ನು ಕಿತ್ತು ಹೊಸದು ಬರೆಯುತ್ತಿದ್ದೆ, ಮತ್ತೆ ಮೊದಲ ಪಾಠ, ಮತ್ತೆ ಜೀವಕೋಶ. ವರ್ಷ ಮುಗಿಯುವ ಹೊತ್ತಿಗೆ ಕಣ್ಣು ಮುಚ್ಚಿಕೊಂಡು ಜೀವಕೋಶದ ಚಿತ್ರ ಬರೆದು ಭಾಗ ಗುರುತಿಸುತ್ತಿದ್ದೆ. ಪ್ರಶ್ನೆಪತ್ರಿಕೆಯಲ್ಲಿ ಅದಕ್ಕಿದ್ದದ್ದು ನಾಲ್ಕು ಅಂಕ. ಮಿಕ್ಕ ಪ್ರಶ್ನೆಗಳು ನಾನು ಮುಖವನ್ನೇ ನೋಡದ ಪಾಠಗಳಿಂದ ಬಂದಿದ್ದವು.

ಅಪ್ಪ ಇದೇ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದ. ಫಲಿತಾಂಶ ಕೇಳಿ ಬೈಯಲಿಲ್ಲ, ಕೈ ಎತ್ತಲಿಲ್ಲ. ಊಟ ಮುಗಿಸಿ ಕೈ ತೊಳೆಯುತ್ತಾ ಹೇಳಿದ, “ಇನ್ನೊಂದ್ ಸಲ ಕಟ್ಟು. ಆಗ್ಲೂ ಆಗ್ಲಿಲ್ಲ ಅಂದ್ರೆ ಮಿಲ್ಲಿಗೆ ಬಂದ್ಬಿಡು. ಶೇಂಗಾ ಆರ್ಸೋಕೆ ಜನ ಬೇಕು ಅಂತಿದ್ರು.”

ಅವನಿಗೆ ಅದು ಬೆದರಿಕೆಯಾಗಿರಲಿಲ್ಲ, ಒಂದು ಏರ್ಪಾಟು ಅಷ್ಟೆ. ಅವ್ವ ಆ ಕೆಲಸ ಮಾಡುತ್ತಿದ್ದಳು. ಸಿಪ್ಪೆ ಸುಲಿದ ಶೇಂಗಾ ಬೀಜದ ರಾಶಿಯ ಮುಂದೆ ಸಾಲಾಗಿ ಕೂತು, ಮುರುಕು, ಮುಗ್ಗು ಆರಿಸಿ ಬದಿಗೆ ಹಾಕುವುದು. ಧೂಳಿಗೆ ಸೆರಗು ಮೂಗಿಗೆ ಕಟ್ಟಿಕೊಂಡರೂ ಸಂಜೆ ಕೆಮ್ಮುತ್ತಲೇ ಬರುತ್ತಿದ್ದಳು. ಆ ಕೆಲಸವನ್ನು ಕೀಳು ಎಂದು ನಾನು ಅಂದೂ ಎಣಿಸಿರಲಿಲ್ಲ, ಅದರಿಂದಲೇ ನಮ್ಮ ಮನೆಯ ಒಲೆ ಉರಿಯುತ್ತಿತ್ತು. ಆದರೆ ಅವ್ವನ ಪಕ್ಕ ಒಂದು ಜಾಗ ನನಗಾಗಿ ಖಾಲಿ ಬಿಟ್ಟಿದ್ದಾರೆ ಎನ್ನಿಸಿ ಭಯವಾಯಿತು.

ಆ ವಾರವೇ ಚಿಕ್ಕವ್ವ ಬಂದಳು. ಅವ್ವನ ತಂಗಿ. ಮೊಳಕಾಲ್ಮುರಿಗೆ ಮದುವೆಯಾಗಿ ಹೋಗಿ, ಗಂಡನ ಜೊತೆ ಕೂತು ರೇಷ್ಮೆ ಸೀರೆ ನೇಯುವುದನ್ನು ಕಲಿತಿದ್ದಳು. ಸುದ್ದಿ ಕೇಳಿದವಳೇ, “ಅಕ್ಕ, ಇವ್ಳನ್ನ ನನ್ ಜೊತೆ ಕಳ್ಸು. ಪಾಸ್ ಮಾಡ್ಸಿ ವಾಪಸ್ ಕಳಿಸ್ತೀನಿ” ಎಂದಳು.

ಅಪ್ಪ ನಕ್ಕುಬಿಟ್ಟ. “ನಿಂಗೇ ಓದಾಕ್ ಬರಲ್ಲ, ಇವ್ಳಿಗೇನ್ ಓದಿಸ್ತೀಯವ್ವ?”

“ನನ್ ಕೈಲಿ ಆಗ್ಲಿಲ್ಲ ಅಂದ್ರೆ ನಾನೇ ಕರ್ಕಂಬಂದು ನಿಮ್ ಮಿಲ್ಲಲ್ಲಿ ಬಿಡ್ತೀನಿ ಭಾವ. ಮಾತು” ಎಂದಳು ಚಿಕ್ಕವ್ವ. ಆಮೇಲೆ ಆ ಮಾತು ಒಂದು ವರ್ಷ ನಮ್ಮಿಬ್ಬರ ನಡುವೆ ಕೂತಿತ್ತು.

ಮೊಳಕಾಲ್ಮುರಿನ ಅವಳ ಮನೆಯಲ್ಲಿ ನಡುಮನೆ ಎಂಬುದಿರಲಿಲ್ಲ, ಆ ಜಾಗವನ್ನೆಲ್ಲ ಎರಡು ಮಗ್ಗಗಳು ನುಂಗಿದ್ದವು. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗಗಳು. ಒಂದರಲ್ಲಿ ಚಿಕ್ಕವ್ವ, ಇನ್ನೊಂದರಲ್ಲಿ ಚಿಕ್ಕಪ್ಪ. ಚಿಕ್ಕಪ್ಪನ ಮನೆಮಾತು ತೆಲುಗು. ಮನುಷ್ಯ ಯಾವ ಭಾಷೆಯಲ್ಲೂ ಹೆಚ್ಚು ಮಾತಾಡುತ್ತಿರಲಿಲ್ಲ. ನನ್ನನ್ನು ಕಂಡಾಗಲೆಲ್ಲ “ಚದುವುಕೋಮ್ಮಾ” ಎನ್ನುವನು. ಓದಿಕೊಳ್ಳಮ್ಮ ಎಂದರ್ಥ. ನೀರು ಕುಡಿಯಲು ಎದ್ದರೂ ಚದುವುಕೋಮ್ಮಾ, ಬಟ್ಟೆ ಒಣಹಾಕಲು ಹೋದರೂ ಚದುವುಕೋಮ್ಮಾ. ಅವನ ಸಹವಾಸದಿಂದ ಚಿಕ್ಕವ್ವನೂ ಎಳೆ ಎಣಿಸುವುದಿದ್ದರೆ ತೆಲುಗಿನಲ್ಲೇ ಎಣಿಸುತ್ತಿದ್ದಳು, ಬೈಯುವುದನ್ನು ಮಾತ್ರ ಕನ್ನಡಕ್ಕೆ ಇಟ್ಟುಕೊಂಡಿದ್ದಳು.

ಹೋದ ಮರುದಿನ ಬೆಳಗ್ಗೆ ವಿಜ್ಞಾನದ ಪುಸ್ತಕ ಕೊಡು ಎಂದಳು. ಕೊಟ್ಟೆ. ಅವಳು ತೆರೆಯಲಿಲ್ಲ. ಮುಚ್ಚಿದ ಪುಸ್ತಕವನ್ನು ಬಾಗಿಲ ಬೆಳಕಿಗೆ ಅಡ್ಡ ಹಿಡಿದು, ಹಾಳೆಗಳ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ನೇಯುವವರು ಸೀರೆ ಮಡಿಕೆಯ ಅಂಚು ನೋಡುವುದು ಹಾಗೆಯೇ.

“ಇಲ್ಲಿಗಂಟ ಓದೀಯ” ಎಂದಳು. ಉಗುರಿಟ್ಟು ತೋರಿಸಿದ ಜಾಗದವರೆಗೆ ಅಂಚು ಕೈಕೊಳೆಗೆ ಕಪ್ಪಾಗಿತ್ತು. “ಇಲ್ಲಿಂದ ಇಲ್ಲಿಗೆ ಒಂದೋ ಎಲ್ಡೋ ಸಲ. ಇದರಾಚೆ ಕೈಯೇ ಇಟ್ಟಿಲ್ಲ.”

ಅವಳು ಹೇಳಿದ್ದು ಅಕ್ಷರಶಃ ನಿಜ. ಮೂರು ಪಾಠ ಕಪ್ಪು, ಎರಡು ಪಾಠ ಮಾಸಲು, ಉಳಿದದ್ದು ಅಂಗಡಿಯಿಂದ ತಂದ ದಿನದ ಬಿಳುಪು. ಹತ್ತು ವರ್ಷ ನನಗೆ ಪಾಠ ಹೇಳಿದ ಮೇಷ್ಟ್ರುಗಳು ನೋಡದೆ ಬಿಟ್ಟದ್ದನ್ನು ಅಕ್ಷರ ಬಾರದವಳು ಒಂದು ನಿಮಿಷದಲ್ಲಿ ಓದಿ ಮುಗಿಸಿದ್ದಳು.

ಅಂದೇ ಬುದ್ಧಿ ಬಂದಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ನನಗೆ ಬಂದದ್ದು ಬೇರೆ ಬುದ್ಧಿ. ಚಿಕ್ಕವ್ವ ನೋಡುವುದು ಅಂಚನ್ನು, ಒಳಗಿರುವುದು ಅವಳಿಗೆ ತಿಳಿಯದು. ಹಾಗಾದರೆ ಅಂಚು ಕಪ್ಪಾದರೆ ಸಾಕಲ್ಲ? ಹದಿನೈದು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ನೇಯ್ದ ಸೀರೆ ಕೊಟ್ಟು ಬರಲು ಹೋಗಿದ್ದರು. ನಾನು ಒಲೆಯ ಬೂದಿಗೆ ಮಗ್ಗಕ್ಕೆ ಬಿಡುವ ಎಣ್ಣೆ ನಾಲ್ಕು ಹನಿ ಬೆರೆಸಿ, ಬಟ್ಟೆಯ ತುಂಡಿನಲ್ಲಿ ಅದ್ದಿ, ಬಿಳಿ ಹಾಳೆಗಳ ಅಂಚಿಗೆ ಉಜ್ಜಿದೆ. ಕೆಲಸ ಅಚ್ಚುಕಟ್ಟಾಗಬೇಕು ನೋಡಿ, ಹಾಳೆಗಳನ್ನು ಸ್ವಲ್ಪಸ್ವಲ್ಪವೇ ಜರುಗಿಸಿಕೊಂಡು ಪಾಠ ಪಾಠಕ್ಕೂ ಬಳಿದೆ. ಎರಡು ಗಂಟೆ ಹಿಡಿಯಿತು. ಅಷ್ಟು ಹೊತ್ತು ಓದಿದ್ದರೆ ಒಂದು ಪಾಠ ಮುಗಿಯುತ್ತಿತ್ತು ಎನ್ನುವ ವಿಚಾರ ತಲೆಯ ಹತ್ತಿರವೂ ಸುಳಿಯಲಿಲ್ಲ.

ಮರುದಿನ ನಾನಾಗಿಯೇ ಪುಸ್ತಕ ತೋರಿಸಿದೆ. ಚಿಕ್ಕವ್ವ ನೇಯುತ್ತಲೇ ಒಂದು ಕೈಯಲ್ಲಿ ತೆಗೆದುಕೊಂಡಳು. ನೋಡಿದಳು. ಮಗ್ಗ ನಿಂತಿತು. ಆ ಮನೆಯಲ್ಲಿ ಊಟದ ಹೊತ್ತಿನಲ್ಲಿ ಬಿಟ್ಟರೆ ಮಗ್ಗದ ಸದ್ದು ನಿಲ್ಲುತ್ತಿರಲಿಲ್ಲ. ಚಿಕ್ಕಪ್ಪನೂ ಕೈ ತಡೆದು ಇತ್ತ ನೋಡಿದ.

“ಓದೋರ ಕೈ ಹಾಳೆ ಮೂಲೇಲಿ ಇರ್ತೈತೆ” ಎಂದಳು ಚಿಕ್ಕವ್ವ. ದನಿ ಏರಿರಲಿಲ್ಲ. “ಕೊಳೆ ಕೆಳಗಡೆ ಮೂಲೇಲಿ ಜಾಸ್ತಿ, ಮ್ಯಾಕ್ಕೆ ಹೋದಂಗೆಲ್ಲ ಕಮ್ಮಿ ಆಗ್ಬೇಕು. ಇದು ಉದ್ದಕ್ಕೂ ಒಂದೇ ಸಮ ಐತೆ. ಬಣ್ಣ ಹಾಕ್ದಂಗೈತೆ. ಯಾವುದ್ರಲ್ಲಿ ಉಜ್ಜಿದೆ?”

ಅವಳು ಮೂಸಿ ನೋಡಿ ತಾನೇ ಕಂಡುಹಿಡಿದಳು, “ಮಗ್ಗದ ಎಣ್ಣೆ.”

ಹೊಡೆದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವಳು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ, “ನಿಮ್ಮಪ್ಪನ ಮುಂದೆ ಮಾತು ಕೊಟ್ಟು ಬಂದೀನಿ ಕಣೇ. ನಿನ್ನ ಕರ್ಕೊಂಡೋಗಿ ಅಲ್ಲಿ ಕೂರ್ಸೋದು ಹೆಂಗೆ ನಾನು?” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನನಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ, ಆಮೇಲೂ ಆಗಿದ್ದು ಕಡಿಮೆ.

ಅಂದಿನಿಂದ ಅವಳ ಮಗ್ಗದ ಪಕ್ಕ ಚಾಪೆ ಹಾಸಿಕೊಂಡು ಕೂತು ಓದಬೇಕಾಯಿತು. ಓದಿದ್ದನ್ನು ಪುಸ್ತಕ ಮುಚ್ಚಿ ಗಟ್ಟಿಯಾಗಿ ಒಪ್ಪಿಸಬೇಕು. ಅವಳು ನೇಯುತ್ತಾ ಕೇಳುವಳು. ಅರ್ಥವಾಗುತ್ತಿತ್ತೋ ಇಲ್ಲವೋ, ಎಲ್ಲಿ ತಡವರಿಸಿದೆ ಎಂಬುದು ಮಾತ್ರ ಅವಳ ಕಿವಿಗೆ ತಪ್ಪುತ್ತಿರಲಿಲ್ಲ. ಒಂದು ದಿನ ಗಂಧಕಾಮ್ಲ ತಯಾರಿಸುವ ವಿಧಾನ ಒಪ್ಪಿಸುತ್ತಿದ್ದೆ. ನಡುವೆ ಮರೆಯಿತು. ಮತ್ತೆ ಮೊದಲಿಂದ ಶುರು ಮಾಡಿದೆ. ಅದೇ ಜಾಗದಲ್ಲಿ ಮತ್ತೆ ನಿಂತೆ. ಮೂರನೆಯ ಸಲ ಉಸಿರೆಳೆದುಕೊಂಡು “ಗಂಧಕಾಮ್ಲವನ್ನು…” ಎನ್ನುವಷ್ಟರಲ್ಲಿ ಅವಳು ಕೈ ಅಡ್ಡ ಹಿಡಿದಳು.

“ಯಾಕೆ ಮೊದ್ಲಿಂದ ಹೋಗ್ತೀಯ?”

“ಮೊದ್ಲಿಂದ ಹೇಳಿದ್ರೇ ಬರೋದು ಚಿಕ್ಕವ್ವ.”

“ಎಲ್ಲಿ ಬತ್ತೈತೆ? ಮೂರು ಸಲದಿಂದ ಅಲ್ಲೇ ಬೀಳ್ತಿದೀಯ.” ತನ್ನ ಮಗ್ಗದ ಮೇಲೆ ಬಿಗಿದಿದ್ದ ಸಾವಿರಾರು ಎಳೆಗಳನ್ನು ತೋರಿಸಿದಳು. “ಇದ್ರಾಗೆ ದಿನಾ ಎಳೆ ಹರೀತಾವೆ. ಹರಿದ್ರೆ ನಾನೇನು ಸೀರೆ ಮೊದ್ಲಿಂದ ನೇಯ್ತೀನಾ? ಹರಿದಿದ್ದು ಯಾವ್ದು ಅಂತ ಹುಡುಕಿ ಅಲ್ಲೇ ಗಂಟು ಹಾಕ್ತೀನಿ, ಮುಂದಕ್ಕೆ ಹೋಗ್ತೀನಿ. ನಿಂದು ಎಲ್ಲಿ ಹರೀತು? ಪುಸ್ತಕ ತಗಿ. ಅದೊಂದು ಮಾತು ನೋಡು, ಅಲ್ಲಿಂದ ಮುಂದೆ ಹೇಳು.”

ನೋಡಿದೆ. ಮರೆಯುತ್ತಿದ್ದದ್ದು ಒಂದೇ ಒಂದು ಸಾಲು. ಆ ಸಾಲಿಗಾಗಿ ಮುಂಚಿನ ಹನ್ನೆರಡು ಸಾಲುಗಳನ್ನು ಪ್ರತಿಸಲ ಹೇಳುತ್ತಿದ್ದೆ, ಹನ್ನೆರಡೂ ನನಗೆ ಮೊದಲೇ ಬರುತ್ತಿದ್ದವು. ಒಂದು ಪಾಠಕ್ಕೆ ಮಾಡುತ್ತಿದ್ದುದನ್ನೇ ಇಡೀ ವರ್ಷಕ್ಕೂ ಮಾಡಿದ್ದೆ ಎನ್ನುವುದು ಆಗ ಹೊಳೆಯಿತು. ಬರುವುದನ್ನೇ ಮತ್ತೆ ಮತ್ತೆ ಓದುವುದು ಸುಖ. ತಲೆಗೆ ಶ್ರಮವಿಲ್ಲ, ಓದಿದ ಸಮಾಧಾನವೂ ಉಂಟು. ನನ್ನ ವೇಳಾಪಟ್ಟಿಗಳೆಲ್ಲ ಆ ಸುಖಕ್ಕೆ ಹಾಕಿದ ಗೆರೆಗಳು.

ಅಂದೇ ಚಿಕ್ಕವ್ವ ಒಂದು ಕಟ್ಟಳೆ ಮಾಡಿದಳು. ಒಪ್ಪಿಸುವಾಗ ಎಲ್ಲಿ ನಿಲ್ಲುತ್ತೇನೋ ಆ ಪುಟಕ್ಕೆ ಒಂದು ರೇಷ್ಮೆ ಎಳೆ ಇಡುವುದು. ಕತ್ತರಿಸಿ ಬಿಸಾಡಿದ ಚೂರು ಎಳೆಗಳಿಗೆ ಆ ಮನೆಯಲ್ಲಿ ಬರವಿರಲಿಲ್ಲ. ಮರುದಿನ ಬೆಳಗ್ಗೆ ಓದು ಶುರುವಾಗುವುದು ಎಳೆ ಇರುವ ಪುಟಗಳಿಂದ, ಬೇರೆ ಎಲ್ಲಿಂದಲೂ ಅಲ್ಲ. ತಡೆಯದೆ ಹೇಳಿದರೆ ಎಳೆ ಕೀಳಬಹುದು. ಮೂರು ದಿನ ಬಿಟ್ಟು ಅವಳು ಮತ್ತೆ ಕೇಳುವಳು, ಮರೆತಿದ್ದರೆ ಎಳೆ ಮತ್ತೆ ಅಲ್ಲಿಗೆ ಬರುವುದು. ಜ್ವರ ಬಂದು ನಾಲ್ಕು ದಿನ ತಪ್ಪಿದರೆ ತಪ್ಪಿತು, ಐದನೆಯ ದಿನ ಎಳೆ ಇದ್ದಲ್ಲಿಂದಲೇ. ಹೊಸ ಪಟ್ಟಿ ಬರೆಯುವಂತಿಲ್ಲ. ಒಮ್ಮೆ ಹಳೇ ಚಟಕ್ಕೆ ರಟ್ಟಿನ ಹಾಳೆ ತಂದಿದ್ದೆ, ಅವಳು ಅದನ್ನು ಜರಿಯ ಉಂಡೆಗಳ ಕೆಳಗೆ ಹಾಸಿಕೊಂಡಳು.

ದೀಪಾವಳಿಯ ಹೊತ್ತಿಗೆ ನನ್ನ ಪುಸ್ತಕದಿಂದ ಬಣ್ಣಬಣ್ಣದ ಬಾಲಗಳು ಹೊರಬಂದಿದ್ದವು. ಸಂಕ್ರಾಂತಿಗೆ ಅರ್ಧವಾದವು. ಪರೀಕ್ಷೆಯ ದಿನ ಉಳಿದಿದ್ದದ್ದು ಮೂರು. ಅದರಲ್ಲೊಂದು ಟ್ರಾನ್ಸ್‌ಫಾರ್ಮರಿನದು. ಅದೇ ಪರೀಕ್ಷೆಯಲ್ಲಿ ಬಂತು, ಬಿಟ್ಟು ಬಂದೆ. ಹೊರಗೆ ಬಂದು ಚಿಕ್ಕವ್ವನಿಗೆ ಹೇಳಿದಾಗ, “ಅದಕ್ಕೆ ಎಳೆ ಇತ್ತಲ್ಲ, ಗೊತ್ತಿದ್ದಿದ್ದೇ. ಮಿಕ್ಕಿದ್ದು ಬರದ್ಯಾ?” ಎಂದಳು. ಮಿಕ್ಕದ್ದು ಬರೆದಿದ್ದೆ.

ಫಲಿತಾಂಶದ ದಿನ ಅವಳೂ ಸ್ಕೂಲಿನ ತನಕ ಬಂದಳು. ಹಲಗೆಯ ಮುಂದೆ ನೂಕುನುಗ್ಗಲು. ನನಗೆ ಕಣ್ಣು ಕತ್ತಲೆ ಬಂದಂತಾಗಿ ಯಾವ ನಂಬರೂ ಕಾಣುತ್ತಿರಲಿಲ್ಲ. ಚಿಕ್ಕವ್ವನಿಗೆ ಅಕ್ಷರ ಬಾರದಿದ್ದರೂ ಅಂಕಿಗಳು ಬರುತ್ತಿದ್ದವು, ನೇಯುವವರಿಗೆ ಅದಿಲ್ಲದೆ ನಡೆಯದು. ನನ್ನ ಕೈಯಿಂದ ಹಾಲ್ ಟಿಕೆಟ್ ಕಿತ್ತುಕೊಂಡು ಹುಡುಗರ ನಡುವೆ ನುಗ್ಗಿದಳು. ಒಂದು ನಿಮಿಷದ ಮೇಲೆ ಒಳಗಿನಿಂದ ಅವಳ ಕೂಗು ಕೇಳಿತು, “ಐತೆ! ಇಲ್ಲೈತೆ ನೋಡೇ!” ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಸಂತೋಷಕ್ಕಿಂತ ಹೆಚ್ಚಾಗಿ, ಅವಳು ಅಪ್ಪನ ಮುಂದೆ ತಲೆ ತಗ್ಗಿಸಬೇಕಾಗಿಲ್ಲವಲ್ಲ ಎಂದು ಅತ್ತೆ.

ಚಿಕ್ಕವ್ವ ಈಗಲೂ ಮೊಳಕಾಲ್ಮುರಿನಲ್ಲಿದ್ದಾಳೆ. ಮಂಡಿ ಹಿಡಿದು ಮಗ್ಗ ಬಿಟ್ಟಿದ್ದಾಳೆ, ಬೈಯುವುದನ್ನು ಬಿಟ್ಟಿಲ್ಲ.

ಇಷ್ಟೆಲ್ಲ ನೆನಪಾದ ಮೇಲೆ ಬುಧವಾರದ ಸಭೆಯಲ್ಲಿ ಹತ್ತು ಸೂತ್ರ ಓದಲು ಮನಸ್ಸಾಗಲಿಲ್ಲ. ಬಂದಿದ್ದವರಲ್ಲಿ ಅರ್ಧ ಜನ ಹೆಬ್ಬೆಟ್ಟಿನವರು. ಕೂಲಿ ಬಿಟ್ಟು, ಕುರಿಗಳನ್ನು ಇನ್ನೊಬ್ಬರಿಗೆ ಒಪ್ಪಿಸಿ, ಬಸ್ಸು ಆಟೋ ಹಿಡಿದು ಬಂದವರು. ನಮ್ಮ ಮಕ್ಕಳು ಓದುತ್ತಾರೋ ಇಲ್ಲವೋ ನಮಗೆ ಹೇಗೆ ತಿಳಿಯಬೇಕು ಎಂದು ಪ್ರತಿ ವರ್ಷ ಕೇಳುತ್ತಾರೆ. ಪ್ರತಿ ವರ್ಷ ನಾವು “ನಿಗಾ ಇಡಿ” ಎನ್ನುತ್ತೇವೆ. ಈ ಸಲ ನಾನು ಹಾಳೆ ಮಡಚಿಟ್ಟು, ಚಿಕ್ಕವ್ವನ ಕಥೆ ಹೇಳಿದೆ. ಫೇಲಾದದ್ದನ್ನೂ, ಎಣ್ಣೆ ಉಜ್ಜಿದ್ದನ್ನೂ ಬಿಡಲಿಲ್ಲ. ಅಪ್ಪ ಅವ್ವಂದಿರ ಪಕ್ಕ ಕೂತಿದ್ದ ಮಕ್ಕಳು ಬಾಯಿ ತೆರೆದು ಕೇಳಿದರು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ ಅವರಲ್ಲಿ ಹದಿನಾಲ್ಕು ಜನ ಫೇಲಾಗಿದ್ದರು. ಮುಖ್ಯ ಪರೀಕ್ಷೆಗೆ ಇನ್ನು ಏಳೇ ವಾರ. “ನಿಮ್ಮ ಮಕ್ಕಳ ವಿಜ್ಞಾನದ ಪುಸ್ತಕ ಈಗಲೇ ತೆಗೆಸಿ ನೋಡಿ. ಕೊಳೆ ಎಲ್ಲಿ ನಿಂತಿದೆಯೋ ಓದು ಅಲ್ಲಿ ನಿಂತಿದೆ” ಎಂದೆ. ಹೇಳುವಾಗ ಸ್ವಲ್ಪ ಹೆಮ್ಮೆಯೇ ಇತ್ತು ಅನ್ನಿ.

ಚೀಲಗಳು ತೆರೆದುಕೊಂಡವು. ಅಪ್ಪಂದಿರು ಅವ್ವಂದಿರು ಪುಸ್ತಕಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ನಗು, ಬೈಗುಳ, “ನೋಡಿದ್ಯೇನಲೇ?” ಎನ್ನುವ ಮಾತು. ನಾನು ಗೆದ್ದವಳಂತೆ ನಿಂತಿದ್ದೆ.

ಎರಡನೆಯ ಸಾಲಿನಿಂದ ಒಬ್ಬಾಕೆ ಎದ್ದು ನಿಂತರು. ಉಳ್ಳಾರ್ತಿ ಕಡೆಯ ಬೋರಮ್ಮ, ಕುರಿ ಕಾಯುವವರು. ಅವರ ಮಗ ಆ ಹದಿನಾಲ್ಕರಲ್ಲಿ ಒಬ್ಬ. ತಮ್ಮ ಮಗನ ಪುಸ್ತಕದ ಜೊತೆಗೆ ಅಕ್ಕಪಕ್ಕದ ಮಕ್ಕಳ ನಾಲ್ಕು ಪುಸ್ತಕಗಳನ್ನೂ ಕೈಯಲ್ಲಿ ಜೋಡಿಸಿಕೊಂಡಿದ್ದರು.

“ಮೇಡಂ, ಒಂದು ಕೇಳ್ಲಾ? ಇವ್ರೆಲ್ಲಾರ ಪುಸ್ತಕಾನೂ ಒಂದೇ ಕಡೆಯಿಂದ ಬೆಳ್ಳಗೈತಲ್ರಿ.” ಪುಸ್ತಕಗಳನ್ನು ನನ್ನ ಕಡೆ ತಿರುಗಿಸಿ ಹಿಡಿದರು. “ಒಂದು ಕುರಿ ನಿಂತ್ರೆ ಅದರ ಕಾಲಿಗೇನೋ ಆಗಿರ್ತೈತೆ. ಎಲ್ಲಾ ಕುರೀನೂ ಒಂದೇ ಜಾಗದಾಗೆ ನಿಂತ್ರೆ ದಾರಿ ನೋಡ್ಬೇಕು. ಇಲ್ಲೇನೈತ್ರಿ?”

ಹತ್ತಿರ ಹೋಗಿ ನೋಡಿದೆ. ಐದೂ ಪುಸ್ತಕಗಳು ವಿದ್ಯುತ್ತಿನ ಪಾಠ ಮುಗಿಯುವಲ್ಲಿಂದ ಬೆಳ್ಳಗಿದ್ದವು. ಅಲ್ಲೇನಿದೆ ಎಂದು ಆ ಕೋಣೆಯಲ್ಲಿ ನನ್ನೊಬ್ಬಳಿಗೆ ಗೊತ್ತಿತ್ತು. ಜನವರಿಯಲ್ಲಿ ನನಗೆ ತರಬೇತಿಯಿತ್ತು, ಆಮೇಲೆ ಶಾಲಾ ವಾರ್ಷಿಕೋತ್ಸವ. ಸಿಲಬಸ್ ಮುಗಿಯಿತೆಂದು ಬರೆದು ಕೊಡಬೇಕಾದ ದಿನ ಹತ್ತಿರ ಬಂದಿತ್ತು. ಕೊನೆಯ ಮೂರು ಪಾಠಗಳನ್ನು ನಾಲ್ಕು ದಿನದಲ್ಲಿ ಪ್ರಶ್ನೋತ್ತರ ಬರೆಸಿ ಮುಗಿಸಿಬಿಟ್ಟಿದ್ದೆ. ಪುಸ್ತಕ ತೆಗೆಯಿರಿ ಎಂದು ಒಂದು ದಿನವೂ ಹೇಳಿರಲಿಲ್ಲ. ಹೋದ ವರ್ಷವೂ ಅಷ್ಟೇ. ಅದಕ್ಕೂ ಹಿಂದಿನ ವರ್ಷದ್ದು ನೆನಪಿಸಿಕೊಳ್ಳಲು ಧೈರ್ಯ ಸಾಲಲಿಲ್ಲ. ಮೊದಲ ಪಾಠಗಳನ್ನು ಮಾತ್ರ ಪ್ರತಿ ಜೂನಿನಲ್ಲೂ ಬಹಳ ಚೆನ್ನಾಗಿ ಮಾಡುತ್ತೇನೆ, ಬೇಕಾದರೆ ಯಾರನ್ನಾದರೂ ಕೇಳಿ.

ತರಬೇತಿ, ವಾರ್ಷಿಕೋತ್ಸವ ಎರಡೂ ನಾಲಗೆಯ ತುದಿಯಲ್ಲಿದ್ದವು. ಮುಖ್ಯೋಪಾಧ್ಯಾಯರು ನನ್ನ ನೆರವಿಗೆ ಬರುವವರಂತೆ ಗಂಟಲು ಸರಿಮಾಡಿಕೊಂಡರು. ಅವರಿಗಿಂತ ಮುಂಚೆ ನಾನೇ ಹೇಳಿದೆ.

“ಅಲ್ಲಿಂದ ಮುಂದೆ ನಾನು ಪಾಠ ಸರಿಯಾಗಿ ಮಾಡಿಲ್ಲ ಬೋರಮ್ಮ. ಓಡಿಸಿಬಿಟ್ಟೆ. ಮಕ್ಕಳದು ತಪ್ಪಿಲ್ಲ, ನಂದು.”

ಏನು ಬೇಕಾದರೂ ಅನ್ನಲಿ ಎಂದು ಕಾದೆ. ಬೋರಮ್ಮ ಬೈಯಲಿಲ್ಲ. ಗೋಡೆ ಗಡಿಯಾರ ತೋರಿಸಿ ಮಗನನ್ನು ಟೈಮೆಷ್ಟು ಎಂದು ಕೇಳಿದರು. ಮೂರು ಎಂದ.

“ನಮ್ ಬಸ್ಸು ನಾಕೂವರೆಗೈತ್ರಿ. ಅಷ್ಟೊತ್ತಿಗೆ ಒಂದು ಪಾಠ ಆಗಲ್ವಾ?”

ಮುಖ್ಯೋಪಾಧ್ಯಾಯರ ಮುಖ ನೋಡಿದೆ, ಅವರು ಹಲಗೆಗೆ ಅಡ್ಡವಾಗದಂತೆ ತಮ್ಮ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು. ಪೋಷಕರು ಯಾರೂ ಏಳಲಿಲ್ಲ. ನಾನು ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ಪಾಠದ ಹೆಸರು ಬರೆದೆ. ಬೆನ್ನ ಹಿಂದೆ ಹಾಳೆ ಮಗುಚುವ ಸದ್ದು ಕೇಳಿತು. ತಿರುಗಿದಾಗ ಬೋರಮ್ಮ ಮಗನ ಪಕ್ಕ ಬೆಂಚಿನಲ್ಲಿ ಜಾಗ ಮಾಡಿಕೊಂಡು ಕೂತಿದ್ದರು.

“ನಿಧಾನಕ್ ಹೇಳ್ರಿ ಮೇಡಂ” ಎಂದರು, “ಈ ಸಲ ಓಡಿಸ್ಬ್ಯಾಡ್ರಿ.”